ಟ್ರ್ಯಾಕ್ಟರ್ ಹೊಲ ಬಿಟ್ಟು ಟಾರ್ ರಸ್ತೆ ಹತ್ತಿದ ಮೇಲೆ: ಟ್ರೇಲರ್ ವಿಮೆ, ಲೈಸೆನ್ಸ್, ಕೇಜ್‌ವೀಲ್ ಮತ್ತು ಬರಲಿರುವ ಕುಶಾಲನಗರ ಹೆದ್ದಾರಿ

ಈ ವಾರ ಗೊಬ್ಬರ, ಔಷಧಿ ವಿಚಾರ ಪಕ್ಕಕ್ಕಿಟ್ಟು ಗಾಡಿ ವಿಚಾರ ಮಾತಾಡೋಣ. ಕೆ.ಆರ್. ನಗರದ ನಾಲೆ ಬಯಲಲ್ಲಿ ನಾಟಿ ಜೋರಾಗಿದೆ. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆ ಹೊಗೆಸೊಪ್ಪು ಬೇಯಿಸೋ ಬ್ಯಾರನ್‌ಗಳಿಗೆ ಸೌದೆ ಸಾಗುತ್ತಿದೆ. ಅಂದರೆ ಹೊಲದಲ್ಲಿ ಇರಬೇಕಾದ ನಮ್ಮ ಗಾಡಿಗಳೆಲ್ಲ ಈಗ ದಿನಕ್ಕೆ ನಾಲ್ಕಾರು ಸಲ ಟಾರ್ ರಸ್ತೆ ಮೇಲೆ ಓಡಾಡುತ್ತಿವೆ. ಬೆಳಗ್ಗೆ ಕೆಸರು ಗದ್ದೆಯಲ್ಲಿದ್ದ ಟ್ರ್ಯಾಕ್ಟರ್ ಸಂಜೆ ಬಿಳಿಕೆರೆ ಹತ್ತಿರದ ಹೆದ್ದಾರಿಯಲ್ಲಿ ಕೆಎಸ್‌ಆರ್‌ಟಿಸಿ ಬಸ್ಸಿನ ಮುಂದೆ ಹೋಗುತ್ತಿರುತ್ತೆ.

ನಾನು ಹುಣಸೂರು ತಾಲ್ಲೂಕಿನವನು. ಸ್ವಂತ ಬೇಸಾಯದ ಜೊತೆಗೆ ಸುತ್ತಲಿನ ಊರುಗಳಿಗೆ ಟ್ರ್ಯಾಕ್ಟರ್ ಉಳುಮೆಗೂ ಹೋಗ್ತೀನಿ. ಹೋದಲ್ಲೆಲ್ಲ ಹುಡುಗರು ಕೇಳೋ ಪ್ರಶ್ನೆ ಒಂದೇ: "ಅಣ್ಣ, ಹೊಲಕ್ಕೆ ಹೋಗೋ ಗಾಡಿಗೂ ಇಷ್ಟೆಲ್ಲ ಕಾಗದ ಪತ್ರ ಬೇಕಾ?" ಹೊಲದೊಳಗೇ ಇದ್ದರೆ ಪೊಲೀಸರು ಬಂದು ಕೇಳೋದಿಲ್ಲ, ನಿಜ. ಆದರೆ ಮುಂದಿನ ಗಾಲಿ ಸಾರ್ವಜನಿಕ ರಸ್ತೆಗೆ ತಾಗಿದ ಕ್ಷಣದಿಂದ 1988ರ ಮೋಟಾರು ವಾಹನ ಕಾಯ್ದೆಗೆ ನಮ್ಮ ಟ್ರ್ಯಾಕ್ಟರೂ ಒಂದು ವಾಹನವೇ. ಕಾರಿಗಿರೋ ನೋಂದಣಿ, ವಿಮೆ, ಲೈಸೆನ್ಸ್ ಎಲ್ಲ ಅದಕ್ಕೂ ಉಂಟು. "ನಮ್ಮೂರಿಂದ ನಮ್ಮ ಜಮೀನಿಗೆ ಒಂದೇ ಕಿಲೋಮೀಟರ್" ಅನ್ನೋ ಮಾತು ಕೋರ್ಟಿನಲ್ಲಿ ನಡೆಯೋದಿಲ್ಲ.

ಟ್ರೇಲರ್ ಬೇರೆ, ಟ್ರ್ಯಾಕ್ಟರ್ ಬೇರೆ

ಎಲ್ಲಕ್ಕಿಂತ ಮುಖ್ಯವಾದದ್ದನ್ನ ಮೊದಲೇ ಹೇಳಿಬಿಡ್ತೀನಿ. ಕಾನೂನಿನಲ್ಲಿ ಟ್ರ್ಯಾಕ್ಟರ್ ಅಂದರೆ ತಾನೇ ಹೊರೆ ಹೊರಲು ಮಾಡಿರದ ವಾಹನ. ಹೊರೆ ಹೊರೋದು ಟ್ರೇಲರ್. ಅದಕ್ಕೇ ಟ್ರೇಲರ್‌ಗೆ ಬೇರೆ ನೋಂದಣಿ ಸಂಖ್ಯೆ, ಬೇರೆ ಆರ್‌ಸಿ. ವಿಮೆಯಲ್ಲೂ ಅದು ಬೇರೆಯಾಗಿ ಕಾಣಬೇಕು. ನಮ್ಮ ಕಡೆ ಹೆಚ್ಚಿನವರು ಸಾಲ ಮಾಡಿ ಟ್ರ್ಯಾಕ್ಟರ್ ತಗೊಳ್ಳುವಾಗ ಬ್ಯಾಂಕಿನವರೋ ಶೋರೂಮಿನವರೋ ಇಂಜಿನ್‌ಗೆ ವಿಮೆ ಮಾಡಿಸಿರುತ್ತಾರೆ. ಟ್ರೇಲರ್ ಮಾತ್ರ ಊರ ಹತ್ತಿರದ ವರ್ಕ್‌ಶಾಪಿನಲ್ಲಿ ಮಾಡಿಸಿದ್ದು. ಎಷ್ಟೋ ಟ್ರೇಲರ್‌ಗಳಿಗೆ ನಂಬರೇ ಇಲ್ಲ. ಇರುವವುಗಳಲ್ಲೂ ಹಿಂದೆ ಬರೆದಿರೋದು ಟ್ರ್ಯಾಕ್ಟರ್‌ನ ನಂಬರು.

ಪಕ್ಕದೂರಿನಲ್ಲಿ ನಡೆದದ್ದು ಕೇಳಿ. ಸರ್ವೆ ಸೌದೆ ಹೇರಿದ ಟ್ರೇಲರ್ ರಾತ್ರಿ ಪಂಚರ್ ಆಗಿ ರಸ್ತೆ ಅಂಚಿನಲ್ಲಿ ನಿಂತಿತ್ತು. ಹಿಂದೆ ದೀಪ ಇಲ್ಲ, ಸ್ಟಿಕ್ಕರ್ ಇಲ್ಲ, ಮರದ ತುದಿಗಳು ನಾಲ್ಕು ಅಡಿ ಹೊರಗೆ ಚಾಚಿದ್ದವು. ಕೆಲಸ ಮುಗಿಸಿ ಬರುತ್ತಿದ್ದ ಹುಡುಗನೊಬ್ಬ ಬೈಕ್ ಸಮೇತ ಅದಕ್ಕೆ ಹೊಡೆದ. ಜೀವ ಉಳಿಯಿತು, ಒಂದು ಕಾಲು ಉಳಿಯಲಿಲ್ಲ. ಟ್ರ್ಯಾಕ್ಟರ್‌ಗೆ ವಿಮೆ ಇತ್ತು, ಟ್ರೇಲರ್‌ಗೆ ಇರಲಿಲ್ಲ. ವಿಮೆ ಕಂಪನಿಯವರು "ಅಪಘಾತ ಆಗಿರೋದು ಟ್ರೇಲರ್‌ನಿಂದ, ಅದು ನಮ್ಮ ಪಾಲಿಸಿಯಲ್ಲಿ ಇಲ್ಲ" ಅಂತ ತಕರಾರು ತೆಗೆದರು. ವರ್ಷಗಟ್ಟಲೆ ಓಡಾಡಿ ಕೊನೆಗೆ ಟ್ರ್ಯಾಕ್ಟರ್ ಯಜಮಾನರು ರಸ್ತೆ ಪಕ್ಕದ ಮೂವತ್ತು ಗುಂಟೆ ಮಾರಿ ದುಡ್ಡು ಕಟ್ಟಿದರು. ಇಬ್ಬರೂ ಒಂದೇ ಹೋಬಳಿಯವರು. ಹಬ್ಬದಲ್ಲಿ ಎದುರಾದರೆ ಇಬ್ಬರಿಗೂ ಮುಖ ಎತ್ತಿ ನೋಡೋಕೆ ಆಗಲ್ಲ.

ಹಾಗಾಗಿ ನಿಮ್ಮ ಪಾಲಿಸಿ ಕಾಗದ ಇವತ್ತೇ ತೆಗೆದು ನೋಡಿ. ಅದರಲ್ಲಿ ಟ್ರೇಲರ್‌ನ ನೋಂದಣಿ ಸಂಖ್ಯೆ ಇದೆಯೋ ಇಲ್ಲವೋ? ಇಲ್ಲದಿದ್ದರೆ ಏಜೆಂಟರನ್ನ ಕೇಳಿ ಸೇರಿಸಿ. ಗಾಡಿ ಓಡಿಸಲು ಸಂಬಳಕ್ಕಿಟ್ಟ ಡ್ರೈವರ್ ಇದ್ದರೆ, ಹೇರೋಕೆ ಇಳಿಸೋಕೆ ಕೂಲಿಯವರು ಬರುತ್ತಿದ್ದರೆ, ಅವರಿಗೂ ಹೆಚ್ಚುವರಿ ಪ್ರೀಮಿಯಂ ಕಟ್ಟಿ ರಕ್ಷಣೆ ಪಡೆಯಬಹುದು. ಏಜೆಂಟರು ಇದನ್ನ ತಾವಾಗಿ ಹೇಳೋದು ಕಡಿಮೆ, ನಾವೇ ಕೇಳಬೇಕು. ವಿಮೆ ಇಲ್ಲದ ವಾಹನ ಓಡಿಸಿದರೆ ಮೊದಲ ಸಲಕ್ಕೆ ಕಾಯ್ದೆಯಲ್ಲಿರೋ ದಂಡ 2,000 ರೂಪಾಯಿ, ಮತ್ತೆ ಸಿಕ್ಕಿದರೆ 4,000. ಜೈಲು ಶಿಕ್ಷೆಗೂ ಅವಕಾಶ ಇದೆ. ಸ್ಥಳದಲ್ಲೇ ಕಟ್ಟೋ ದಂಡದಲ್ಲಿ ಕೆಲವನ್ನ 2019ರ ಸೆಪ್ಟೆಂಬರ್‌ನಲ್ಲಿ ನಮ್ಮ ರಾಜ್ಯ ಸರ್ಕಾರ ಇಳಿಸಿತು. ಆದರೆ ದಂಡ ಇಲ್ಲಿ ಸಣ್ಣ ವಿಷಯ. ಪರಿಹಾರದ ಆದೇಶ ಬಂದಾಗ ಹೋಗೋದು ಜಮೀನು.

ಇನ್ನು ಜನ ಕೂರಿಸೋದು. ಟ್ರ್ಯಾಕ್ಟರ್‌ಗೆ ಇರೋದು ಒಂದೇ ಸೀಟು, ಅದು ಓಡಿಸೋನದು. ಮಡ್‌ಗಾರ್ಡ್ ಮೇಲೆ ಕೂತವರಿಗೆ ವಿಮೆಯ ರಕ್ಷಣೆ ಸಿಗೋದಿಲ್ಲ ಅಂತಲೇ ತಿಳ್ಕೊಳ್ಳಿ. ಟ್ರೇಲರ್‌ನಲ್ಲಿ ಮದುವೆಗೆ, ಜಾತ್ರೆಗೆ ಜನ ತುಂಬಿಕೊಂಡು ಹೋಗೋದಂತೂ ಬೇಡವೇ ಬೇಡ. 2022ರ ಅಕ್ಟೋಬರ್ 1ರಂದು ಉತ್ತರ ಪ್ರದೇಶದ ಕಾನ್ಪುರದ ಹತ್ತಿರ ದೇವಸ್ಥಾನದಿಂದ ಬರುತ್ತಿದ್ದ ಟ್ರ್ಯಾಕ್ಟರ್ ಟ್ರಾಲಿ ಕೆರೆಗೆ ಉರುಳಿ 25ಕ್ಕೂ ಹೆಚ್ಚು ಜನ ಸತ್ತರು. ಹೆಚ್ಚಿನವರು ಹೆಂಗಸರು, ಮಕ್ಕಳು. ನಾಟಿ ಹೆಂಗಸರನ್ನ ಗದ್ದೆಗೆ ಕರ್ಕೊಂಡು ಹೋಗೋ ವಿಷಯದಲ್ಲಿ ನನಗೂ ಉತ್ತರ ಸುಲಭ ಇಲ್ಲ. ಆಟೋದವರು ಕೇಳೋ ಬಾಡಿಗೆ ನಿಮಗೂ ಗೊತ್ತು, ನನಗೂ ಗೊತ್ತು. ಆದರೂ ಈ ಹಂಗಾಮಿಂದ ನಾನು ಆಟೋಗೇ ಕೊಡ್ತಿದ್ದೀನಿ, ಆ ಖರ್ಚನ್ನ ಎಕರೆ ಲೆಕ್ಕಕ್ಕೆ ಸೇರಿಸ್ತಿದ್ದೀನಿ.

ಯಾವ ಲೈಸೆನ್ಸ್ ಸಾಕು?

ಇದರ ಬಗ್ಗೆ ವಾಟ್ಸ್ಯಾಪ್‌ನಲ್ಲಿ ಹತ್ತು ಥರ ಸುದ್ದಿ ಓಡಾಡುತ್ತೆ. ಕಾಯ್ದೆಯಲ್ಲಿ "ಲಘು ಮೋಟಾರು ವಾಹನ" ಅನ್ನೋದರ ವಿವರಣೆಯಲ್ಲೇ ಟ್ರ್ಯಾಕ್ಟರ್ ಹೆಸರಿದೆ, ಖಾಲಿ ತೂಕ 7,500 ಕಿಲೋ ಮೀರಬಾರದು ಅಷ್ಟೆ. ನಮ್ಮಲ್ಲಿ ಓಡಾಡೋ ಟ್ರ್ಯಾಕ್ಟರ್‌ಗಳು ಅದರ ಹತ್ತಿರಕ್ಕೂ ಬರೋದಿಲ್ಲ. ಆದ್ದರಿಂದ ಕಾರಿನ ಎಲ್‌ಎಂವಿ ಲೈಸೆನ್ಸ್ ಇದ್ದರೆ ಟ್ರ್ಯಾಕ್ಟರ್ ಓಡಿಸಬಹುದು. ಬರೀ ಟ್ರ್ಯಾಕ್ಟರ್ ಅಂತಲೇ ಲೈಸೆನ್ಸ್ ಮಾಡಿಸಿಕೊಂಡಿದ್ದರೂ ಸರಿ. 7,500 ಕಿಲೋ ಒಳಗಿನ ಸಾರಿಗೆ ವಾಹನವನ್ನೂ ಎಲ್‌ಎಂವಿ ಲೈಸೆನ್ಸ್‌ನಲ್ಲಿ ಓಡಿಸಬಹುದು ಅಂತ ಸುಪ್ರೀಂ ಕೋರ್ಟಿನ ಐದು ನ್ಯಾಯಮೂರ್ತಿಗಳ ಸಂವಿಧಾನ ಪೀಠ 2024ರ ನವೆಂಬರ್ 6ರಂದು ಹೇಳಿತು. ಅಲ್ಲಿಗೆ ಆ ಜಗಳ ಮುಗಿಯಿತು.

ಹಾಗಾದರೆ ಹಿಂದೆ ಟ್ರೇಲರ್ ಕಟ್ಟಿದಾಗ? ಇದಕ್ಕೆ ನಮ್ಮ ರಾಜ್ಯದ್ದೇ ಒಂದು ಪ್ರಕರಣ ಇದೆ. ನಾಗಶೆಟ್ಟಿ ಪ್ರಕರಣ ಅಂತ ಅದರ ಹೆಸರು, 2001ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದ್ದು. ಟ್ರ್ಯಾಕ್ಟರ್ ಓಡಿಸೋ ಲೈಸೆನ್ಸ್ ಇದ್ದವನು ಹಿಂದೆ ಟ್ರೇಲರ್ ಕಟ್ಟಿಕೊಂಡ ಮಾತ್ರಕ್ಕೆ ಆ ಲೈಸೆನ್ಸ್ ಕೆಲಸಕ್ಕೆ ಬಾರದ್ದು ಆಗೋದಿಲ್ಲ ಅಂತ ಕೋರ್ಟ್ ಹೇಳಿತು. ವಿಮೆಯವರು ಲೈಸೆನ್ಸ್ ನೆಪ ಹೇಳಿದರೆ ನಿಮ್ಮ ವಕೀಲರಿಗೆ ಈ ಹೆಸರು ನೆನಪು ಮಾಡಿ.

ಲೈಸೆನ್ಸೇ ಇಲ್ಲದಿದ್ದರೆ ಯಾವ ತೀರ್ಪೂ ಕಾಪಾಡಲ್ಲ. ಅದಕ್ಕಿಂತ ಕೆಟ್ಟದ್ದು ಹದಿನೆಂಟು ತುಂಬದ ಹುಡುಗರ ಕೈಗೆ ಕೊಡೋದು. ನಮ್ಮ ಕಡೆ ಒಂಬತ್ತನೇ ಕ್ಲಾಸಿನ ಹುಡುಗ ರೋಟವೇಟರ್ ಹೊಡೀತಾನೆ ಅಂತ ಅಪ್ಪಂದಿರಿಗೆ ಹೆಮ್ಮೆ. ಹೊಲದಲ್ಲಿ ಅಪ್ಪನ ಕಣ್ಣೆದುರು ಕಲಿಯೋದು ಬೇರೆ ಮಾತು. ರಸ್ತೆಯಲ್ಲಿ ಅವನಿಂದ ಅನಾಹುತ ಆದರೆ 2019ರ ತಿದ್ದುಪಡಿ ಪ್ರಕಾರ ಪೋಷಕರಿಗೆ ಅಥವಾ ಮಾಲೀಕರಿಗೆ ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ಗಾಡಿಯ ನೋಂದಣಿ ಒಂದು ವರ್ಷ ರದ್ದು, ಹುಡುಗನಿಗೆ 25 ವರ್ಷ ತುಂಬೋವರೆಗೆ ಲೈಸೆನ್ಸ್ ಇಲ್ಲ. ರೀಲ್ಸ್‌ಗೋಸ್ಕರ ಮುಂದಿನ ಗಾಲಿ ಎತ್ತೋ ಹುಡುಗರಿಗೆ ಈ ಸಾಲು ಫಾರ್ವರ್ಡ್ ಮಾಡಿ.

ಬಿಳಿ ಬೋರ್ಡು ಮತ್ತು ಬಾಡಿಗೆ

ಕೃಷಿ ಟ್ರ್ಯಾಕ್ಟರ್ ಸಾರಿಗೆ ವಾಹನ ಅಲ್ಲ, ಅದಕ್ಕೇ ಬಿಳಿ ಬೋರ್ಡು. ಉಳುಮೆ ಮಾಡೋದು, ನಮ್ಮ ಬೆಳೆ ಸಾಗಿಸೋದು, ಗೊಬ್ಬರ ತರೋದು ಇದರೊಳಗೆ ಬರುತ್ತೆ. ಜಲ್ಲಿ, ಇಟ್ಟಿಗೆ, ಎಂ-ಸ್ಯಾಂಡ್ ಬಾಡಿಗೆಗೆ ಹೊಡೆದರೆ ಆಗ ಅದು ಸರಕು ಸಾಗಣೆ ವಾಹನ. ಹಳದಿ ಬೋರ್ಡು, ಪರ್ಮಿಟ್ಟು, ಬೇರೆ ವಿಮೆ ಎಲ್ಲ ಬೇಕು. ಬಿಳಿ ಬೋರ್ಡಿನಲ್ಲಿ ಜಲ್ಲಿ ಹೊಡೆಯುವಾಗ ಅಪಘಾತ ಆದರೆ "ಕೃಷಿ ಉದ್ದೇಶಕ್ಕೆ ಮಾತ್ರ" ಅನ್ನೋ ಪಾಲಿಸಿಯ ಒಂದು ಸಾಲು ಹಿಡ್ಕೊಂಡು ವಿಮೆಯವರು ಕೈ ಎತ್ತುತ್ತಾರೆ. ಬೇಸಿಗೆಯಲ್ಲಿ ಕೆಲಸ ಇಲ್ಲದಾಗ ಇಟ್ಟಿಗೆ ಬಾಡಿಗೆಯಿಂದಲೇ ಕಂತು ಕಟ್ಟೋರು ನಮ್ಮಲ್ಲಿ ಬಹಳ ಜನ ಇದ್ದಾರೆ. ವರ್ಷಕ್ಕೆ ಎರಡು ಮೂರು ತಿಂಗಳು ಅದೇ ಕೆಲಸ ಅಂತಾದರೆ ಒಂದು ಟ್ರೇಲರನ್ನಾದರೂ ಸಾರಿಗೆ ಲೆಕ್ಕದಲ್ಲಿ ಮಾಡಿಸೋಕಾಗುತ್ತಾ ಅಂತ ಹುಣಸೂರು ಆರ್‌ಟಿಒದಲ್ಲಿ ವಿಚಾರಿಸಿ.

ನಂಬರ್ ಪ್ಲೇಟ್ ಬಗ್ಗೆ ಒಂದು ಮಾತು. 2019ರ ಏಪ್ರಿಲ್ 1ಕ್ಕೆ ಮುಂಚೆ ನೋಂದಣಿಯಾದ ಹಳೇ ವಾಹನಗಳಿಗೆ ಎಚ್‌ಎಸ್‌ಆರ್‌ಪಿ ಕಡ್ಡಾಯ ಅಂತ 2023ರಲ್ಲಿ ರಾಜ್ಯ ಸರ್ಕಾರ ಆದೇಶ ಮಾಡಿತಲ್ಲ, ಅದರಲ್ಲಿ ಟ್ರ್ಯಾಕ್ಟರ್, ಟ್ರೇಲರ್ ಎರಡೂ ಇವೆ. ಮತ್ತೆ ಖಾಸಗಿ ನೋಂದಣಿಯ ಆರ್‌ಸಿಗೆ 15 ವರ್ಷದ ಆಯಸ್ಸು, ಆಮೇಲೆ ಐದೈದು ವರ್ಷಕ್ಕೆ ನವೀಕರಣ. ಅಪ್ಪನ ಕಾಲದ ಟ್ರ್ಯಾಕ್ಟರ್ ಇದ್ದವರು ಫೋನಿನಲ್ಲಿ ಎಂ-ಪರಿವಾಹನ್ ಆ್ಯಪ್ ತೆಗೆದು ಗಾಡಿ ನಂಬರ್ ಹಾಕಿ ನೋಡಿ. ಆರ್‌ಸಿ, ವಿಮೆ ಯಾವಾಗ ಮುಗಿಯುತ್ತೆ ಅಂತ ತೋರಿಸುತ್ತೆ. ಟ್ರೇಲರ್ ನಂಬರನ್ನೂ ಬೇರೆಯಾಗಿ ಹಾಕಿ. ಡಿಜಿಲಾಕರ್‌ನಲ್ಲಿರೋ ಆರ್‌ಸಿ, ಲೈಸೆನ್ಸ್ ತೋರಿಸಿದರೆ ಪೊಲೀಸರು ಒಪ್ಪಬೇಕು, ನಿಯಮವೇ ಹಾಗಿದೆ. ಮೂಲ ಕಾಗದ ಕೆಸರಲ್ಲಿ ನೆನೆಸೋ ಅಗತ್ಯ ಇಲ್ಲ.

ಬ್ರೇಕು, ಪಿನ್ನು, ದೀಪ

ಕಾಗದ ಸರಿಯಿದ್ದ ಮಾತ್ರಕ್ಕೆ ಗಾಡಿ ನಿಲ್ಲೋದಿಲ್ಲ. ಟ್ರ್ಯಾಕ್ಟರ್‌ಗೆ ಎಡ ಗಾಲಿಗೊಂದು ಬಲ ಗಾಲಿಗೊಂದು ಎರಡು ಬ್ರೇಕ್ ಪೆಡಲ್ ಇರೋದು ಹೊಲದ ಬದುವಿನ ಹತ್ತಿರ ಗಿರ್ರನೆ ತಿರುಗಿಸೋಕೆ. ರಸ್ತೆಯಲ್ಲಿ ಟಾಪ್ ಗೇರಿನಲ್ಲಿ ಹೋಗುವಾಗ ಅವಸರದಲ್ಲಿ ಒಂದೇ ಪೆಡಲ್ ತುಳಿದರೆ ಒಂದು ಗಾಲಿ ಹಿಡಿದು ಇನ್ನೊಂದು ಓಡಿ ಗಾಡಿ ಮಗುಚುತ್ತೆ. ಎರಡೂ ಪೆಡಲ್‌ಗಳನ್ನ ಸೇರಿಸೋ ಒಂದು ಚಿಕ್ಕ ಲಾಕ್ ಪಟ್ಟಿ ಇರುತ್ತೆ. ಬಹಳ ಗಾಡಿಗಳಲ್ಲಿ ಅದು ತುಕ್ಕು ಹಿಡಿದು ಕೂತಿರುತ್ತೆ, ಇಲ್ಲ ಬಿಚ್ಚಿ ಬಿಸಾಕಿರ್ತಾರೆ. ಹೊಲದಿಂದ ರಸ್ತೆಗೆ ಬರುವಾಗ ಲಾಕ್ ಹಾಕಿ, ಹೊಲಕ್ಕಿಳಿಯುವಾಗ ತೆಗೀರಿ. ಇದಕ್ಕೆ ಐದು ಸೆಕೆಂಡ್ ಸಾಕು.

ನಮ್ಮ ಟ್ರೇಲರ್‌ಗಳಲ್ಲಿ ಹೆಚ್ಚಿನವಕ್ಕೆ ಬ್ರೇಕ್ ಇಲ್ಲ. ಲೋಡಿನ ಭಾರವನ್ನೆಲ್ಲ ತಡೆಯಬೇಕಾದ್ದು ಟ್ರ್ಯಾಕ್ಟರ್‌ನ ಹಿಂದಿನ ಎರಡು ಗಾಲಿ. ಇಳಿಜಾರಿನಲ್ಲಿ ಡೀಸೆಲ್ ಉಳಿಸೋಕೆ ಅಂತ ನ್ಯೂಟ್ರಲ್ ಮಾಡಿದರೆ ಟ್ರೇಲರ್ ಹಿಂದಿನಿಂದ ತಳ್ಳುತ್ತಾ ಬಂದು ಟ್ರ್ಯಾಕ್ಟರನ್ನ ಅಡ್ಡ ಮಾಡಿ ಮಡಚಿಬಿಡುತ್ತೆ. ಯಾವ ಗೇರಿನಲ್ಲಿ ಏರು ಹತ್ತುತ್ತೀರೋ ಅದೇ ಗೇರಿನಲ್ಲಿ ಇಳೀರಿ. ಟ್ರೇಲರ್ ಸಿಕ್ಕಿಸೋ ಪಿನ್ನಿಗೆ ಕ್ಲಿಪ್ ಹಾಕಿ. ಕ್ಲಿಪ್ ಬದಲು ಕಟ್ಟೋ ತಂತಿ ಸುತ್ತಿರೋದನ್ನ ನಾನು ವಾರಕ್ಕೊಂದಾದರೂ ನೋಡ್ತೀನಿ. ಜೊತೆಗೆ ಒಂದು ಸರಪಳಿ ಕೂಡ ಕಟ್ಟಿದ್ದರೆ ಪಿನ್ ಬಿದ್ದರೂ ಟ್ರೇಲರ್ ಎದುರು ಬರೋ ಗಾಡಿಗೆ ನುಗ್ಗೋದಿಲ್ಲ. ರೋಟವೇಟರ್, ಕಲ್ಟಿವೇಟರ್ ಎತ್ತಿಕೊಂಡು ಹೋಗುವಾಗ ಪಿಟಿಒ ಬಂದ್ ಇರಲಿ.

ದೀಪದ ವಿಷಯಕ್ಕೆ ಬಂದರೆ ನನಗೆ ಸಿಟ್ಟೇ ಬರುತ್ತೆ. ಐದಾರು ಲಕ್ಷದ ಟ್ರ್ಯಾಕ್ಟರ್‌ಗೆ ಇಪ್ಪತ್ತು ಸಾವಿರದ ಸೌಂಡ್ ಸಿಸ್ಟಮ್ ಹಾಕಿಸ್ತೀವಿ, ಕಂಬಿಗೆ ಬಣ್ಣದ ಲೈಟು ಸುತ್ತುತ್ತೀವಿ, ಟ್ರೇಲರ್‌ನ ಹಿಂದೆ ಒಂದು ಕೆಂಪು ದೀಪ ಇಲ್ಲ! ರೇಡಿಯಂ ಟೇಪು ಆಟೋಮೊಬೈಲ್ ಅಂಗಡಿಯಲ್ಲಿ ಕೆಲವು ನೂರು ರೂಪಾಯಿಗೆ ಸಿಗುತ್ತೆ. ಹಿಂದೆ ಕೆಂಪು, ಪಕ್ಕಕ್ಕೆ ಹಳದಿ, ಮುಂದೆ ಬಿಳಿ. ಹಿಂದಿನ ಬಾಗಿಲಿಗೆ ಹಚ್ಚಿದ ಟೇಪು ಕೆಸರು ಮುಚ್ಚಿದ್ದರೆ ಹಚ್ಚಿಯೂ ಪ್ರಯೋಜನ ಇಲ್ಲ, ರಸ್ತೆಗೆ ಬರೋ ಮುಂಚೆ ಒಂದು ಬಟ್ಟೆಯಲ್ಲಿ ಒರೆಸಿ. ಸೌದೆ, ಬೊಂಬು, ಪೈಪು ಹಿಂದಕ್ಕೆ ಚಾಚಿದ್ದರೆ ಅದು ಈಗ ಸಣ್ಣ ತಪ್ಪಲ್ಲ. ಲೋಡು ಹಿಂದೆ, ಮುಂದೆ, ಪಕ್ಕಕ್ಕೆ ಮಿತಿ ಮೀರಿ ಚಾಚಿದರೆ ಕಾಯ್ದೆಯಲ್ಲಿ 20,000 ರೂಪಾಯಿ ದಂಡ ಇದೆ. ತೂಕ ಮೀರಿದರೂ 20,000, ಹೆಚ್ಚಾದ ಪ್ರತಿ ಟನ್ನಿಗೆ ಮತ್ತೆ 2,000.

ಗಾಡಿ ಕೆಟ್ಟು ನಿಂತರೆ ಸುತ್ತ ಕಲ್ಲು, ಸೊಪ್ಪು ಇಡೋದು ನಮ್ಮ ಹಳೇ ಪದ್ಧತಿ. ಸೊಪ್ಪು ಪರವಾಗಿಲ್ಲ, ಕಲ್ಲು ರಾತ್ರಿ ಯಾರಿಗೂ ಕಾಣಲ್ಲ. ಗಾಡಿ ಹೊರಟ ಮೇಲೆ ಆ ಕಲ್ಲುಗಳು ಅಲ್ಲೇ ಉಳಿದು ಮಾರನೇ ದಿನ ಯಾರೋ ಬೈಕಿನವರು ಬೀಳ್ತಾರೆ. ಕೆಂಪು ತ್ರಿಕೋನದ ಫಲಕ ಒಂದನ್ನ ಟೂಲ್‌ಬಾಕ್ಸ್‌ನಲ್ಲಿಟ್ಟಿರಿ.

ಕೇಜ್‌ವೀಲ್

ಕೆ.ಆರ್. ನಗರ, ಸಾಲಿಗ್ರಾಮ ಕಡೆಯವರು ಇದನ್ನ ಓದಬೇಕು. ಕೆಸರು ಉಳುಮೆಗೆ ಕೇಜ್‌ವೀಲ್ ಇಲ್ಲದೆ ಆಗಲ್ಲ, ಒಪ್ಪಿದೆ. ಆದರೆ ಟೈರ್ ಬಿಚ್ಚಿ ಪೂರ್ತಿ ಕಬ್ಬಿಣದ ಗಾಲಿ ಹಾಕಿಕೊಂಡು ಡಾಂಬರ್ ಮೇಲೆ ಒಂದು ಸಲ ಹೋದರೆ ಸಾಕು, ಪಟ್ಟಿ ಪಟ್ಟಿಯಾಗಿ ಗೀರು ಬೀಳುತ್ತೆ. ಮಳೆ ನೀರು ಆ ಗೀರಿನೊಳಗೆ ಇಳಿದು ಮುಂದಿನ ವರ್ಷಕ್ಕೆ ಅದು ಗುಂಡಿ. ರಸ್ತೆಗೆ ಬರೋ ವಾಹನಕ್ಕೆ ಗಾಳಿ ತುಂಬಿದ ಟೈರ್ ಇರಬೇಕು ಅನ್ನೋದು ಕೇಂದ್ರ ಮೋಟಾರು ವಾಹನ ನಿಯಮ. ರಸ್ತೆ ಹಾಳು ಮಾಡಿದ್ದಕ್ಕೆ ಬೇರೆ ಕೇಸೂ ಆಗಬಹುದು. ಟೈರಿನ ಹೊರಗಡೆ ಜೋಡಿಸೋ ಅರ್ಧ ಕೇಜ್‌ವೀಲ್ ಸುತ್ತಳತೆಯಲ್ಲಿ ಟೈರ್‌ಗಿಂತ ಚಿಕ್ಕದಿದ್ದರೆ ಗಟ್ಟಿ ನೆಲಕ್ಕೆ ತಾಗೋದಿಲ್ಲ, ರಸ್ತೆ ಉಳಿಯುತ್ತೆ. ಆದರೆ ಗಾಡಿಯ ಅಗಲ ಹೆಚ್ಚಿರುತ್ತೆ, ಆ ಕಬ್ಬಿಣದ ಅಂಚು ಸರಿಯಾಗಿ ಬೈಕಿನವರ ಮೊಣಕಾಲಿನ ಎತ್ತರಕ್ಕೆ ಬರುತ್ತೆ. ಬಿಚ್ಚಿ ಟ್ರೇಲರ್‌ನಲ್ಲಿ ಹಾಕ್ಕೊಂಡು ಹೋಗಿ ಗದ್ದೆ ಹತ್ರ ಜೋಡಿಸೋದೇ ಒಳ್ಳೇದು. ಇಬ್ಬರು ಇದ್ದರೆ ಅರ್ಧ ಗಂಟೆ ಕೆಲಸ. ಒಂದೇ ಬಯಲಿನ ನಾಲ್ಕು ಮನೆಯವರು ಮಾತಾಡ್ಕೊಂಡು ಗಾಡಿಯನ್ನ ಮೂರು ದಿನ ಅಲ್ಲೇ ಬಿಟ್ಟರೆ ಬಿಚ್ಚೋದೂ ಬೇಡ. ಕೊಯ್ಲಿನ ಕಾಲಕ್ಕೆ ತಮಿಳುನಾಡಿನಿಂದ ಬರೋ ಭತ್ತದ ಹಾರ್ವೆಸ್ಟರ್‌ಗಳಿಗೂ ಇದೇ ಮಾತು. ಮುಂದಿನ ಕಟ್ಟರ್ ಬಿಚ್ಚಿಸಿ ರಸ್ತೆ ದಾಟಿಸಿ ಅಂತ ಕರೆಸೋ ನಾವೇ ಹೇಳಬೇಕು.

ಎಚ್.ಡಿ. ಕೋಟೆಯವರಿಗೆ ಇನ್ನೊಂದು. ಬಾವಲಿ ಕಡೆಯ ಕಾಡಿನ ರಸ್ತೆ ಸಂಜೆ 6ರಿಂದ ಬೆಳಗ್ಗೆ 6ರವರೆಗೆ ಬಂದ್. ಟ್ರ್ಯಾಕ್ಟರ್ ವೇಗದಲ್ಲಿ ಲೆಕ್ಕ ಹಾಕಿ ಹೊರಡಿ, ಬಸ್ಸಿನ ವೇಗದಲ್ಲಲ್ಲ.

ಯೂಟ್ಯೂಬ್‌ನಲ್ಲಿ ಅಮೆರಿಕದ ರೈತರು ಓಡಿಸೋ ನಾಲ್ಕು ಗಾಲಿಯ ಎಟಿವಿ ನೋಡಿ ಕೆಲವರು ಕೇಳ್ತಾರೆ, ತೋಟಕ್ಕೆ ಅದು ತಗೊಳ್ಳಲಾ ಅಂತ. ಅಲ್ಲೂ ಅವಕ್ಕೆ ಎಲ್ಲ ರಸ್ತೆಯಲ್ಲಿ ಬಿಡೋದಿಲ್ಲ, ಒಂದೊಂದು ರಾಜ್ಯದಲ್ಲಿ ಒಂದೊಂದು ನಿಯಮ. ನಮ್ಮಲ್ಲಿ ಸಾಮಾನ್ಯ ಎಟಿವಿಗೆ ನೋಂದಣಿಯೇ ಆಗೋದಿಲ್ಲ, ಎಸ್ಟೇಟಿನ ಬೇಲಿಯೊಳಗೆ ಮಾತ್ರ. ಪೊಲಾರಿಸ್ ಕಂಪನಿ ಸ್ಪೋರ್ಟ್ಸ್‌ಮನ್ 570 ಅನ್ನೋ ಒಂದು ಮಾದರಿಯನ್ನ ಟ್ರ್ಯಾಕ್ಟರ್ ಅಂತಲೇ ಪಾಸ್ ಮಾಡಿಸಿ ಮಾರಾಟಕ್ಕೆ ತಂದಿತ್ತು. ಆ ದುಡ್ಡಿಗೆ ನಿಜವಾದ ಟ್ರ್ಯಾಕ್ಟರೇ ಬರುತ್ತೆ.

ನಾಳೆಯ ಹೆದ್ದಾರಿ

ಇಲ್ಲಿವರೆಗೆ ಹೇಳಿದ್ದು ಈಗಿರೋ ನಿಯಮ. ನಾಲ್ಕೂ ತಾಲ್ಲೂಕಿನವರು ಈಗಲೇ ಯೋಚಿಸಬೇಕಾದ್ದು ಇನ್ನೊಂದಿದೆ. ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ರಸ್ತೆಯಲ್ಲಿ 2023ರ ಆಗಸ್ಟ್ 1ರಿಂದ ಬೈಕು, ಆಟೋ ಜೊತೆಗೆ ಟ್ರ್ಯಾಕ್ಟರ್‌ಗಳಿಗೂ ಪ್ರವೇಶ ಇಲ್ಲ. ಟ್ರೇಲರ್ ಇರಲಿ ಬಿಡಲಿ ಸರ್ವೀಸ್ ರಸ್ತೆಯಲ್ಲೇ ಹೋಗಬೇಕು. ಒಳಗೆ ಸಿಕ್ಕಿದರೆ 500 ರೂಪಾಯಿ ದಂಡ. ನೂರು ಕಿಲೋಮೀಟರ್ ವೇಗದ ಕಾರುಗಳ ನಡುವೆ ಇಪ್ಪತ್ತೈದರ ಟ್ರ್ಯಾಕ್ಟರ್ ಬೇಡ ಅನ್ನೋದು ನನ್ನ ಮಟ್ಟಿಗೆ ಸರಿಯಾದ ನಿರ್ಧಾರ. ಆದರೆ ಮಂಡ್ಯ, ಮದ್ದೂರು ಕಡೆ ಹೆದ್ದಾರಿಯ ಆಚೆ ಜಮೀನು ಇದ್ದವರಿಗೆ ಸುತ್ತು ಹೆಚ್ಚಾಗಿದೆ. ಗದ್ದೆ ಎದುರಿಗೇ ಕಾಣುತ್ತೆ, ಗಾಡಿ ಮಾತ್ರ ಅಂಡರ್‌ಪಾಸ್ ಹುಡುಕಿಕೊಂಡು ಹೋಗಬೇಕು.

ಅದೇ ರಾಷ್ಟ್ರೀಯ ಹೆದ್ದಾರಿ 275ರ ಮುಂದುವರಿಕೆಯಾಗಿ ಮೈಸೂರು–ಕುಶಾಲನಗರ ನಾಲ್ಕು ಪಥದ 92 ಕಿಲೋಮೀಟರ್ ಹೊಸ ರಸ್ತೆಗೆ 2023ರ ಮಾರ್ಚ್ 12ರಂದು ಮಂಡ್ಯದಲ್ಲಿ ಪ್ರಧಾನಿ ಶಂಕುಸ್ಥಾಪನೆ ಮಾಡಿದರು. ಅಂದಾಜು ವೆಚ್ಚ ಸುಮಾರು 4,130 ಕೋಟಿ ರೂಪಾಯಿ. ಅದು ಬರೋದು ನಮ್ಮ ಹುಣಸೂರು, ಪಿರಿಯಾಪಟ್ಟಣದ ಹೊಲಗಳ ನಡುವೆ. ಬೆಂಗಳೂರು ರಸ್ತೆಯ ನಿಷೇಧ ತಾನಾಗೇ ಇಲ್ಲಿಗೆ ಬರೋದಿಲ್ಲ, ಅದಕ್ಕೆ ಬೇರೆ ಅಧಿಸೂಚನೆ ಬೇಕು. ಆದರೆ ಅದೇ ಥರದ ರಸ್ತೆಗೆ ಅದೇ ಥರದ ನಿಷೇಧ ಬರುತ್ತೆ ಅಂತ ಲೆಕ್ಕ ಹಾಕೋದು ಜಾಣತನ. ನಿಷೇಧ ಬಂದ ಮೇಲೆ ಧರಣಿ ಕೂರೋದಕ್ಕಿಂತ ಕಾಂಕ್ರೀಟ್ ಬೀಳೋ ಮುಂಚೆ ದಾರಿ ಕೇಳೋದು ಸುಲಭ.

ಏನು ಕೇಳಬೇಕು? ಮೊದಲನೇದು ಎರಡೂ ಕಡೆ ಮಧ್ಯೆ ತುಂಡಾಗದ ಸರ್ವೀಸ್ ರಸ್ತೆ. ಸೇತುವೆ ಬಂದ ಕಡೆ ಸರ್ವೀಸ್ ರಸ್ತೆ ನಿಲ್ಲಿಸಿಬಿಟ್ಟರೆ ಟ್ರ್ಯಾಕ್ಟರ್ ಮುಖ್ಯ ರಸ್ತೆಗೇ ಹತ್ತಬೇಕಾಗುತ್ತೆ. ಎರಡನೇದು ಅಂಡರ್‌ಪಾಸ್‌ನ ಎತ್ತರ. ಹೆದ್ದಾರಿ ಮಾನದಂಡದಲ್ಲಿ ದೊಡ್ಡ ವಾಹನದ ಅಂಡರ್‌ಪಾಸ್ 5.5 ಮೀಟರ್ ಎತ್ತರ, ಲಘು ವಾಹನದ್ದು 4 ಮೀಟರ್, ಅಂದರೆ ಸುಮಾರು 13 ಅಡಿ. ಹುಲ್ಲು ಹೇರಿದ ನಮ್ಮ ಟ್ರೇಲರನ್ನ ಹೋದ ವರ್ಷ ಟೇಪು ಹಿಡಿದು ಅಳೆದೆ. ನೆಲದಿಂದ ಹದಿಮೂರೂವರೆ ಅಡಿ ಇತ್ತು. ಹುಲ್ಲು ಕಡಿಮೆ ಹೇರಬಹುದು, ಆದರೆ ಗಾಲಿಯ ಮೇಲೆ ಓಡೋ ಹಾರ್ವೆಸ್ಟರನ್ನ ಕತ್ತರಿಸೋಕಾಗಲ್ಲ. ಜೊತೆಗೆ ಅಂಡರ್‌ಪಾಸ್‌ನಲ್ಲಿ ಮಳೆಗಾಲದಲ್ಲಿ ನೀರು ನಿಲ್ಲದ ಹಾಗೆ ಚರಂಡಿ ಇರಬೇಕು.

ಇದನ್ನ ಬಾಯಲ್ಲಿ ಹೇಳಿದರೆ ಯಾರೂ ಕೇಳಲ್ಲ. ಅಳತೆ ಸಮೇತ ಬರೆದುಕೊಡಿ: ಊರಲ್ಲಿ ಎಷ್ಟು ಟ್ರ್ಯಾಕ್ಟರ್, ಟಿಲ್ಲರ್ ಇವೆ, ಹೊಸ ರಸ್ತೆಯ ಆಚೆ ಯಾವ ಸರ್ವೆ ನಂಬರಿನ ಜಮೀನಿದೆ, ಈಗ ಹೋಗೋ ಬಂಡಿದಾರಿ ಎಲ್ಲಿದೆ, ಅದು ಮುಚ್ಚಿದರೆ ಎಷ್ಟು ದೂರ ಸುತ್ತಬೇಕು. ಗೂಗಲ್ ಮ್ಯಾಪ್‌ನಲ್ಲಿ ದೂರ ಅಳೆದು ಸ್ಕ್ರೀನ್‌ಶಾಟ್ ಹಚ್ಚಿ. ಗ್ರಾಮಸಭೆಯಲ್ಲಿ ಠರಾವು ಮಾಡಿಸಿ, ಒಂದು ಪ್ರತಿ ಹೆದ್ದಾರಿ ಪ್ರಾಧಿಕಾರದ ಯೋಜನಾ ನಿರ್ದೇಶಕರಿಗೆ, ಇನ್ನೊಂದು ತಹಶೀಲ್ದಾರರಿಗೆ ಕೊಟ್ಟು ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ. ನಮ್ಮೂರಲ್ಲಿ ಪಟ್ಟಿ ಮಾಡೋಕೆ ಶುರು ಮಾಡಿದ್ದೀವಿ. ಇವತ್ತಿಗೆ 41 ಟ್ರ್ಯಾಕ್ಟರ್ ಲೆಕ್ಕಕ್ಕೆ ಸಿಕ್ಕಿವೆ, ಅದರಲ್ಲಿ ಟ್ರೇಲರ್‌ಗೆ ಬೇರೆ ವಿಮೆ ಇರೋದು ಒಂಬತ್ತಕ್ಕೆ.